ಓಪನ್ ಸೋರ್ಸ್ ಜಗಳಗಳು: ‘ಬೇಡ’ ಎನ್ನುವ ಹಕ್ಕು ಯಾರದು?

2025ರ ಸೆಪ್ಟೆಂಬರ್ ಕೊನೆಯಲ್ಲಿ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನೆಲ್‌ನಿಂದ ಬಿಕ್ಯಾಶ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್‌ನ ಕೋಡ್ ಅನ್ನು ಇಡಿಯಾಗಿ ತೆಗೆದುಹಾಕಲಾಯಿತು. ಡಿಸ್ಕಿನಲ್ಲಿ ಮಾಹಿತಿಯನ್ನು ಜೋಡಿಸಿಡುವ ಇಂಥ ತಂತ್ರಾಂಶವೊಂದು ಕರ್ನೆಲ್ ಸೇರಬೇಕಾದರೆ ವರ್ಷಗಳ ಶ್ರಮ ಬೇಕು. ಬಿಕ್ಯಾಶ್‌ಎಫ್‌ಎಸ್ ಸೇರಿದ್ದು 2024ರ ಜನವರಿಯಲ್ಲಿ ಬಿಡುಗಡೆಯಾದ 6.7ನೆಯ ಆವೃತ್ತಿಯಲ್ಲಿ, ಎರಡು ವರ್ಷ ತುಂಬುವ ಮೊದಲೇ ಅದು ಹೊರಬಿತ್ತು. ತಿದ್ದಲಾಗದ ದೋಷವೇನೂ ಅದರಲ್ಲಿ ಕಂಡುಬಂದಿರಲಿಲ್ಲ, ಬಳಸುವವರೂ ಇದ್ದರು. ಅದನ್ನು ಬರೆದ ಕೆಂಟ್ ಓವರ್‌ಸ್ಟ್ರೀಟ್ ಅವರಿಗೂ ಕರ್ನೆಲ್‌ನ ಮುಖ್ಯಸ್ಥ ಲಿನಸ್ ಟೊರ್ವಾಲ್ಡ್ಸ್ ಅವರಿಗೂ ಕೂಡಿ ಕೆಲಸ ಮಾಡುವುದು ಸಾಧ್ಯವಾಗದೆ ಹೋದದ್ದೇ ಇದಕ್ಕೆ ಮುಖ್ಯ ಕಾರಣ.

ಈ ಸುದ್ದಿ ಹಲವರನ್ನು ಗೊಂದಲಕ್ಕೆ ತಳ್ಳಿದ್ದು ಸಹಜ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ಕೆ.ಜಿ.ಎಫ್.ಗಳ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ವಿದ್ಯಾರ್ಥಿಗಳ ಕಿವಿಗೆ ಮೇಲಿಂದ ಮೇಲೆ ಬೀಳುವ ಸಲಹೆಗಳಲ್ಲಿ ‘ಓಪನ್ ಸೋರ್ಸ್‌ಗೆ ಕಾಂಟ್ರಿಬ್ಯೂಟ್ ಮಾಡಿ’, ಅಂದರೆ ಕೋಡ್ ಅನ್ನು ಎಲ್ಲರಿಗೂ ತೆರೆದಿಟ್ಟ ತಂತ್ರಾಂಶ ಯೋಜನೆಗಳಿಗೆ ನಿಮ್ಮ ಕೊಡುಗೆ ಕೊಡಿ, ಎಂಬುದೂ ಒಂದು. ಅಲ್ಲಿ ಯಾವ ಕಾಲೇಜು, ಯಾವ ಊರು ಎಂದು ಯಾರೂ ಕೇಳುವುದಿಲ್ಲ, ಕೋಡ್ ಚೆನ್ನಾಗಿದ್ದರೆ ಸಾಕು ಎಂಬ ಭರವಸೆಯೂ ಆ ಸಲಹೆಯ ಜೊತೆಗೇ ಬರುತ್ತದೆ. ಹಾಗಿದ್ದ ಮೇಲೆ ಚೆನ್ನಾಗಿಯೇ ಇದ್ದ ಕೋಡ್ ಹೊರಹೋದದ್ದು ಹೇಗೆ? ಇದನ್ನು ಇಬ್ಬರು ಬುದ್ಧಿವಂತರ ಅಹಂಕಾರದ ಕದನವೆಂದು ತಳ್ಳಿಹಾಕುವುದು ಸುಲಭ. ಆದರೆ ಇಂಥ ಜಗಳಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ, ಸಿಟ್ಟು ಹುಟ್ಟುವ ಮೊದಲೇ ಅಲ್ಲೊಂದು ಪ್ರಶ್ನೆ ಉತ್ತರ ಸಿಗದೆ ಉಳಿದಿರುವುದು ಕಾಣುತ್ತದೆ: ಕೊನೆಯ ಮಾತು ಯಾರದು, ಮತ್ತು ಆ ಮಾತಿಗೆ ಅವರು ಯಾರಿಗೆ ಕಾರಣ ಕೊಡಬೇಕು?

ಬಿಕ್ಯಾಶ್‌ಎಫ್‌ಎಸ್: ತುರ್ತು ಯಾವುದೆಂದು ಹೇಳುವವರು ಯಾರು

ಕರ್ನೆಲ್‌ನ ಹೊಸ ಆವೃತ್ತಿ ಒಂಬತ್ತು-ಹತ್ತು ವಾರಗಳಿಗೊಮ್ಮೆ ಬರುತ್ತದೆ. ಇದರಲ್ಲಿ ಮೊದಲ ಎರಡು ವಾರ, ಅಂದರೆ ಮರ್ಜ್ ವಿಂಡೋ ತೆರೆದಿರುವಾಗ ಮಾತ್ರ, ಹೊಸ ಸೌಲಭ್ಯಗಳನ್ನು ಸೇರಿಸಿಕೊಳ್ಳುತ್ತಾರೆ. ಉಳಿದ ಅವಧಿ ಪರೀಕ್ಷೆಗೆ ಮೀಸಲು. ಆಗ ದೋಷ ಸರಿಪಡಿಸುವ ಪ್ಯಾಚ್‌ಗಳಿಗಷ್ಟೇ (ಪ್ಯಾಚ್ ಎಂದರೆ ಕೋಡ್‌ಗೆ ಮಾಡುವ ತಿದ್ದುಪಡಿಯ ತುಣುಕು) ಪ್ರವೇಶ. ಓವರ್‌ಸ್ಟ್ರೀಟ್ ಈ ಎರಡನೆಯ ಅವಧಿಯಲ್ಲಿ ದೊಡ್ಡ ಬದಲಾವಣೆಗಳನ್ನು ಕಳಿಸುತ್ತಿದ್ದರು ಎಂಬುದು ಟೊರ್ವಾಲ್ಡ್ಸ್ ಅವರ ಆಕ್ಷೇಪ. 2025ರ ಜೂನ್‌ನಲ್ಲಿ, ಕೆಟ್ಟುಹೋದ ಡಿಸ್ಕಿನಿಂದ ಮಾಹಿತಿಯನ್ನು ಮರಳಿ ಪಡೆಯುವ ಹೊಸ ಸೌಲಭ್ಯವೊಂದು ದೋಷ ಪರಿಹಾರದ ಪ್ಯಾಚ್‌ಗಳ ಜೊತೆಯಲ್ಲಿ ಬಂದಾಗ ಟೊರ್ವಾಲ್ಡ್ಸ್ ಅದನ್ನು ಸೇರಿಸಿಕೊಂಡರಾದರೂ, 6.17ನೆಯ ಆವೃತ್ತಿಯ ಹೊತ್ತಿಗೆ ತಾವಿಬ್ಬರೂ ಬೇರೆಯಾಗುವಂತೆ ಕಾಣುತ್ತದೆ ಎಂದು ಬರೆದರು. 6.17ರಲ್ಲಿ ಬಿಕ್ಯಾಶ್‌ಎಫ್‌ಎಸ್‌ಗೆ ‘ಹೊರಗಿನಿಂದ ನಿರ್ವಹಣೆ’ ಎಂಬ ಗುರುತು ಬಿತ್ತು. 6.18ಕ್ಕೆ ಅದು ಇರಲಿಲ್ಲ.

ಓವರ್‌ಸ್ಟ್ರೀಟ್ ಅವರ ವಾದವನ್ನು ಹಗುರವಾಗಿ ಕಾಣುವಂತಿಲ್ಲ. ಫೈಲ್ ಸಿಸ್ಟಮ್ ಕೆಟ್ಟರೆ ಹೋಗುವುದು ಜನರ ಫೋಟೊ, ಲೆಕ್ಕಪತ್ರ, ವರ್ಷಗಳ ದುಡಿಮೆ. ಅದನ್ನು ಉಳಿಸುವ ದಾರಿ ಕೈಯಲ್ಲಿರುವಾಗ ಕ್ಯಾಲೆಂಡರ್ ನೋಡುತ್ತ ಕೂರುವುದು ಬಳಕೆದಾರರಿಗೆ ಮಾಡುವ ಅನ್ಯಾಯ ಎಂಬುದು ಅವರ ನಿಲುವು. ಎದುರು ಪಕ್ಷದ ವಾದಕ್ಕೂ ಅಷ್ಟೇ ತೂಕವಿದೆ: ಸಾವಿರಾರು ಜನ ಕೂಡಿ ಕಟ್ಟುವ ಕರ್ನೆಲ್‌ನಲ್ಲಿ ಪ್ರತಿಯೊಬ್ಬರೂ ತಮ್ಮ ಕೆಲಸವೇ ತುರ್ತು ಎಂದುಕೊಂಡರೆ ಪರೀಕ್ಷೆಯ ಅವಧಿಗೆ ಅರ್ಥವೇ ಉಳಿಯುವುದಿಲ್ಲ, ಮತ್ತು ಬಿಕ್ಯಾಶ್‌ಎಫ್‌ಎಸ್ ಅನ್ನು ಪ್ರಾಯೋಗಿಕವೆಂದೇ ಸೇರಿಸಿಕೊಂಡದ್ದು. ಹೀಗೆ ನೋಡಿದರೆ ಕೋಡ್ ಒಳ್ಳೆಯದೇ ಕೆಟ್ಟದ್ದೇ ಎಂಬ ಬಗ್ಗೆ ಇಲ್ಲಿ ದೊಡ್ಡ ಭಿನ್ನಾಭಿಪ್ರಾಯವೇ ಇರಲಿಲ್ಲ. ಯಾವುದು ತುರ್ತು ಎಂದು ತೀರ್ಮಾನಿಸುವ ಅಧಿಕಾರ ಬರೆದವರದೋ, ಸೇರಿಸಿಕೊಳ್ಳುವವರದೋ ಎಂಬುದೇ ವಿವಾದದ ತಿರುಳು.

ಇದಕ್ಕೆ ಮೊದಲೇ ಇನ್ನೊಂದು ಘಟನೆ ನಡೆದಿತ್ತು. ಮೆಮೊರಿ ನಿರ್ವಹಣೆಯ ಚರ್ಚೆಯೊಂದರಲ್ಲಿ ಓವರ್‌ಸ್ಟ್ರೀಟ್ ಸಹ ಡೆವಲಪರ್ ಒಬ್ಬರನ್ನು ಬೈದು ಬರೆದಿದ್ದರು. ಸಾರ್ವಜನಿಕವಾಗಿ ಬೈದದ್ದಕ್ಕೆ ಕ್ಷಮೆಯನ್ನೂ ಸಾರ್ವಜನಿಕವಾಗಿಯೇ ಕೇಳಬೇಕೆಂದು ನೀತಿ ಸಂಹಿತೆಯ ಸಮಿತಿ ಹೇಳಿತು, ಅವರು ಒಪ್ಪಲಿಲ್ಲ, 2024ರ ನವೆಂಬರ್‌ನಲ್ಲಿ 6.13ನೆಯ ಆವೃತ್ತಿಯ ಮಟ್ಟಿಗೆ ಅವರ ಪುಲ್ ರಿಕ್ವೆಸ್ಟ್‌ಗಳನ್ನು, ಅಂದರೆ ಬದಲಾವಣೆಗಳನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆಗಳನ್ನು, ಸ್ವೀಕರಿಸದಿರಲು ತೀರ್ಮಾನವಾಯಿತು. ಬೈಗುಳದ ಪ್ರಕರಣ ಮತ್ತು ಮರ್ಜ್ ವಿಂಡೋ ಪ್ರಕರಣ ಎರಡನ್ನೂ ಒಂದೇ ಎಂದು ಭಾವಿಸಿ ಬರೆದ ವರದಿಗಳೇ ಹೆಚ್ಚು. ಅವು ಬೇರೆ ಬೇರೆ. ಮೊದಲನೆಯದು ನಡತೆಯದು, ಅದಕ್ಕೆ ಒಂದು ಸಮಿತಿ, ಒಂದು ವಿಧಾನ, ಒಂದು ಅವಧಿಯ ಶಿಕ್ಷೆ ಇತ್ತು, ಮತ್ತು ಅದು ಮುಗಿಯಿತು. ಎರಡನೆಯದು ಅಧಿಕಾರದ್ದು, ಅದನ್ನು ಒಯ್ದು ಕೇಳಲು ಟೊರ್ವಾಲ್ಡ್ಸ್ ಅವರ ಮೇಲೆ ಇನ್ನೊಬ್ಬರಿಲ್ಲ.

ರಸ್ಟ್ ವಿವಾದ: ಹೊರಗಿನ ಜನರನ್ನು ಕರೆತಂದರೆ

2025ರ ಆರಂಭದಲ್ಲಿ ಕರ್ನೆಲ್‌ನಲ್ಲಿ ಇನ್ನೊಂದು ಜಗಳ ಆಗಿತ್ತು. ಬಹುಪಾಲು ಸಿ ಭಾಷೆಯಲ್ಲಿರುವ ಕರ್ನೆಲ್‌ನಲ್ಲಿ ರಸ್ಟ್ ಭಾಷೆಯನ್ನೂ ಬಳಸಲು 2022ರ ಕೊನೆಯಲ್ಲಿ ಬಂದ 6.1ನೆಯ ಆವೃತ್ತಿಯಿಂದ ಅವಕಾಶವಿದೆ. ರಸ್ಟ್‌ನಲ್ಲಿ ಬರೆದ ಡ್ರೈವರ್‌ಗಳು ಡಿಎಂಎ ಎಂಬ ಮೆಮೊರಿ ವ್ಯವಸ್ಥೆಯನ್ನು ಬಳಸಲು ಅನುಕೂಲವಾಗುವಂತೆ 2025ರ ಜನವರಿಯಲ್ಲಿ ಒಂದು ಪ್ಯಾಚ್ ಬಂದಾಗ, ಆ ವಿಭಾಗದ ಮೇಂಟೇನರ್ (ಕೋಡ್ ನೋಡಿಕೊಳ್ಳುವ ಹೊಣೆಗಾರ) ಆಗಿದ್ದ ಕ್ರಿಸ್ಟೋಫ್ ಹೆಲ್ವಿಗ್ ಅದನ್ನು ವಿರೋಧಿಸಿದರು. ಎರಡು ಭಾಷೆ ಬೆರೆತ ಕೋಡ್ ಅನ್ನು ನಿಭಾಯಿಸುವ ಹೊರೆ ಕೊನೆಗೆ ತಮ್ಮಂಥವರ ತಲೆಗೇ ಬೀಳುತ್ತದೆ ಎಂಬುದು ಅವರ ಆತಂಕವಾಗಿತ್ತು. ಅದನ್ನು ಹೇಳುವಾಗ ಅವರು ಕ್ಯಾನ್ಸರ್ ಎಂಬ ಪದ ಬಳಸಿದರು. ಪದ ಕಟುವಾಗಿತ್ತು, ಆತಂಕ ಸುಳ್ಳಾಗಿರಲಿಲ್ಲ. ಅತ್ತ ರಸ್ಟ್ ಪಕ್ಷದವರ ಮಾತೂ ನ್ಯಾಯವಾದುದೇ: ಈ ಕೋಡ್ ಹೆಲ್ವಿಗ್ ಅವರ ಕಡತಗಳಿಗೆ ಕೈಹಾಕುವುದಿಲ್ಲ, ಪಕ್ಕದಲ್ಲಿ ಪ್ರತ್ಯೇಕವಾಗಿ ಇರುತ್ತದೆ, ಅದನ್ನು ನೋಡಿಕೊಳ್ಳುವವರೂ ಬೇರೆಯೇ.

ಈ ಹಂತದಲ್ಲಿ, ಆಪಲ್‌ನ ಮ್ಯಾಕ್ ಕಂಪ್ಯೂಟರ್‌ಗಳಲ್ಲಿ ಲಿನಕ್ಸ್ ನಡೆಸುವ ಯೋಜನೆಯಾದ ಅಸಾಹಿ ಲಿನಕ್ಸ್‌ನ ನೇತೃತ್ವ ವಹಿಸಿದ್ದ ಹೆಕ್ಟರ್ ಮಾರ್ಟಿನ್ ವಿಷಯವನ್ನು ಸಾಮಾಜಿಕ ಜಾಲತಾಣಕ್ಕೆ ಒಯ್ದರು. ಜಾಲತಾಣದ ಮೂಲಕ ಒತ್ತಡ ತರುವುದು ತಮಗೆ ಸರ್ವಥಾ ಒಪ್ಪಿಗೆಯಿಲ್ಲ ಎಂದು ಟೊರ್ವಾಲ್ಡ್ಸ್ ಖಾರವಾಗಿಯೇ ಉತ್ತರಿಸಿದರು. ಮಾರ್ಟಿನ್ ಫೆಬ್ರವರಿಯಲ್ಲಿ ಕರ್ನೆಲ್‌ನ ಹೊಣೆಯಿಂದಲೂ ಕೆಲವೇ ದಿನಗಳಲ್ಲಿ ಅಸಾಹಿಯ ನೇತೃತ್ವದಿಂದಲೂ ಹೊರನಡೆದರು. ಅದಾಗಿ ಹೆಚ್ಚು ದಿನ ಕಳೆಯುವ ಮೊದಲೇ ಟೊರ್ವಾಲ್ಡ್ಸ್ ಹೆಲ್ವಿಗ್ ಅವರಿಗೂ ಸ್ಪಷ್ಟವಾಗಿ ತಿಳಿಸಿದರು: ರಸ್ಟ್ ಕೋಡ್ ನೋಡಿಕೊಳ್ಳಬೇಕೆಂಬ ಒತ್ತಾಯ ನಿಮಗಿಲ್ಲ, ಆದರೆ ನಿಮ್ಮ ಕೋಡ್ ಅನ್ನು ಬೇರೆಯವರು ಹೇಗೆ ಬಳಸಬೇಕೆಂದು ತಡೆಯುವ ಹಕ್ಕೂ ನಿಮಗಿಲ್ಲ. ಹೆಲ್ವಿಗ್ ಡಿಎಂಎ ವಿಭಾಗದ ಹೊಣೆ ಬಿಟ್ಟರು. ರಸ್ಟ್ ಪ್ಯಾಚ್ ಮುಂದೆ ಕರ್ನೆಲ್ ಸೇರಿತು.

ಫಲಿತಾಂಶವನ್ನು ಗಮನಿಸಬೇಕು. ಮಾರ್ಟಿನ್ ಯಾವುದನ್ನು ಬಯಸಿದ್ದರೋ ಅದೇ ಕೊನೆಗೆ ಆಯಿತು. ಅದನ್ನು ನೋಡಲು ಅವರು ಒಳಗೆ ಇರಲಿಲ್ಲ. ಹೊರಗಿನ ಜನರ ಗುಂಪು ಸೇರಿಸಿದಾಗ ಮೇಂಟೇನರ್‌ಗಳ ಎದುರು ಇರುವ ಪ್ರಶ್ನೆಯೇ ಬದಲಾಗುತ್ತದೆ. ‘ಈ ಪ್ಯಾಚ್ ಸರಿಯೇ?’ ಎಂಬುದು ಹೋಗಿ ‘ಒತ್ತಡಕ್ಕೆ ಮಣಿಯಬೇಕೇ?’ ಎಂಬುದು ಮುಂದೆ ನಿಲ್ಲುತ್ತದೆ. ಆ ಎರಡನೆಯ ಪ್ರಶ್ನೆಗೆ ಸ್ವಾಭಿಮಾನವಿರುವ ಯಾರೂ ಹೌದೆನ್ನಲಾರರು. ಹಾಗೆಂದು ಮಾರ್ಟಿನ್ ಅವರ ಅಸಹನೆಗೆ ಕಾರಣವೇ ಇರಲಿಲ್ಲ ಎನ್ನಲಾಗದು: ಹೆಲ್ವಿಗ್ ಅವರಿಗೆ ತಡೆಯುವ ಹಕ್ಕಿಲ್ಲ ಎಂಬ ಆ ಒಂದು ವಾಕ್ಯವನ್ನು ಟೊರ್ವಾಲ್ಡ್ಸ್ ಕೆಲವು ವಾರ ಮೊದಲೇ ಬರೆದಿದ್ದರೆ ಮಾರ್ಟಿನ್ ಹೊರನಡೆಯುವ ಸಂದರ್ಭ ಬಹುಶಃ ಬರುತ್ತಿರಲಿಲ್ಲ.

ಮೇಂಟೇನರ್‌ನ ಅಧಿಕಾರ ಎಲ್ಲಿಂದ ಬರುತ್ತದೆ

ಕಂಪನಿಯೊಂದರಲ್ಲಿ ಮ್ಯಾನೇಜರ್ ಬೇಡವೆಂದರೆ ಅದರ ಹಿಂದೆ ಸಂಬಳ, ನೇಮಕಾತಿ ಪತ್ರ, ಎಚ್‌ಆರ್ ವಿಭಾಗ ಇರುತ್ತದೆ. ಓಪನ್ ಸೋರ್ಸ್ ಯೋಜನೆಗಳಲ್ಲಿ ಇವು ಯಾವುವೂ ಇರುವುದಿಲ್ಲ. ಕೋಡ್‌ನ ಪರವಾನಗಿ ಎಲ್ಲರಿಗೂ ಸಮಾನ ಹಕ್ಕು ಕೊಡುತ್ತದೆ. ಆದರೆ ಮೂಲ ರಿಪಾಸಿಟರಿಗೆ, ಅಂದರೆ ಕೋಡ್ ಇಡುವ ಭಂಡಾರಕ್ಕೆ, ಏನು ಸೇರಬೇಕೆಂಬ ಕೀಲಿ ಕೆಲವೇ ಜನರ ಕೈಯಲ್ಲಿರುತ್ತದೆ. ಕೋಲಾರ ಸೀಮೆಯ ಕೆರೆಗಳ ನೀರುಗಂಟಿಯ ಸ್ಥಾನ ಹೆಚ್ಚು ಕಡಿಮೆ ಇಂಥದ್ದೇ. ಕೆರೆ ಅವನದಲ್ಲ, ಅಚ್ಚುಕಟ್ಟಿನ ಜಮೀನೂ ಅವನದಲ್ಲ, ಆದರೆ ತೂಬು ಎತ್ತುವವನು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವವನು ಅವನು. ಕೆರೆ ಕೋಡಿ ಬಿದ್ದ ವರ್ಷ ಅವನ ಹೆಸರನ್ನು ಯಾರೂ ಎತ್ತುವುದಿಲ್ಲ. ನೀರು ಕಡಿಮೆಯಾದ ವರ್ಷ ಊರಿನ ಸಿಟ್ಟೆಲ್ಲ ಅವನ ಮೇಲೆ. ಅವನ ಮಾತು ನಡೆಯುತ್ತಿದ್ದದ್ದು ಊರವರು ಕೂತು ಒಪ್ಪಿಕೊಂಡ ಸರದಿ ಒಂದಿದ್ದುದರಿಂದ.

ಸರದಿ ಬರೆದಿಲ್ಲದ ಯೋಜನೆಗಳಲ್ಲಿ ಮೇಂಟೇನರ್‌ನ ಪ್ರತಿಯೊಂದು ‘ಬೇಡ’ವೂ ವೈಯಕ್ತಿಕವಾಗಿ ಕಾಣುತ್ತದೆ. ಪ್ಯಾಚ್ ಕಳಿಸಿದವರು ಅದನ್ನು ತಮಗೇ ಆದ ಅವಮಾನವೆಂದು ತಿಳಿಯುತ್ತಾರೆ. ಮೇಂಟೇನರ್‌ಗೆ ಪ್ರತಿಸಲವೂ ಮೊದಲಿನಿಂದ ವಾದ ಮಾಡುವ ಶ್ರಮ. ಪೈಥಾನ್ ಭಾಷೆಯ ಸೃಷ್ಟಿಕರ್ತ ಗೈಡೊ ವ್ಯಾನ್ ರಾಸಮ್ 2018ರ ಜುಲೈನಲ್ಲಿ ನಾಯಕತ್ವ ಬಿಟ್ಟುಕೊಟ್ಟದ್ದು ಇದೇ ದಣಿವಿನಿಂದ. ಪಿಇಪಿ 572 ಎಂಬ ಪ್ರಸ್ತಾವ ಒಂದು ಸಣ್ಣ ಚಿಹ್ನೆಯ ಕುರಿತಾದದ್ದು, ಆದರೆ ಅದಕ್ಕಾಗಿ ಇಷ್ಟು ಕಾದಾಡಿ ಇಷ್ಟೊಂದು ಜನರ ತಿರಸ್ಕಾರ ಕಟ್ಟಿಕೊಳ್ಳುವುದು ಇನ್ನು ತಮ್ಮಿಂದಾಗದು ಎಂದು ಅವರು ಹೇಳಿ ಹೊರಟರು. ಅವರ ಜಾಗಕ್ಕೆ ಇನ್ನೊಬ್ಬ ಸರ್ವಾಧಿಕಾರಿ ಬರಲಿಲ್ಲ. ಹಲವು ಮಾದರಿಗಳನ್ನು ಮುಂದಿಟ್ಟು ಮತ ಹಾಕಿ, ಐದು ಜನರ ಚುನಾಯಿತ ಸ್ಟೀರಿಂಗ್ ಕೌನ್ಸಿಲ್ ರಚಿಸಿಕೊಂಡರು. ಅಲ್ಲಿಂದೀಚೆಗೆ ಪೈಥಾನ್‌ನಲ್ಲಿ ಜಗಳಗಳು ನಿಂತಿಲ್ಲ. ಒಬ್ಬರ ಆರೋಗ್ಯದ ಮೇಲೆ ಇಡೀ ಭಾಷೆ ನಿಂತಿರುವ ಸ್ಥಿತಿ ಮಾತ್ರ ತಪ್ಪಿದೆ.

ನೀತಿ ಸಂಹಿತೆಯ ಪರ, ವಿರೋಧ

2018ರ ಸೆಪ್ಟೆಂಬರ್‌ನಲ್ಲಿ ಟೊರ್ವಾಲ್ಡ್ಸ್ ತಮ್ಮ ಒರಟು ಇಮೇಲ್‌ಗಳಿಗಾಗಿ ಕ್ಷಮೆ ಕೇಳಿ, ಕೆಲವು ವಾರ ಕೆಲಸದಿಂದ ದೂರವಿದ್ದರು. ಅದೇ ಹೊತ್ತಿಗೆ ಕರ್ನೆಲ್ ಹೊಸ ನೀತಿ ಸಂಹಿತೆಯನ್ನು ಅಳವಡಿಸಿಕೊಂಡಿತು. ಅಂದಿನಿಂದ ಇಂದಿನವರೆಗೂ ಈ ಕುರಿತು ಎರಡು ಪಕ್ಷಗಳಿವೆ.

ಪರವಾಗಿರುವವರು ಹೇಳುವುದು ಇಷ್ಟು: ಬೈಗುಳವನ್ನು ಸಹಿಸುವುದೇ ಅರ್ಹತೆಯಾದರೆ ಚರ್ಮ ದಪ್ಪವಿದ್ದವರು ಉಳಿಯುತ್ತಾರೆಯೇ ಹೊರತು ಕೋಡ್ ಚೆನ್ನಾಗಿ ಬರೆಯುವವರಲ್ಲ. ಹೊಸಬರು, ಮಹಿಳೆಯರು, ಇಂಗ್ಲಿಷ್ ತಾಯ್ನುಡಿಯಲ್ಲದವರು ಸದ್ದಿಲ್ಲದೆ ಹೊರಹೋಗುತ್ತಾರೆ, ಮತ್ತು ಹಾಗೆ ಹೋದವರ ಲೆಕ್ಕ ಯಾರ ಬಳಿಯೂ ಇರುವುದಿಲ್ಲ. ವಿರೋಧಿಸುವವರ ವಾದ ಮುಖ್ಯವಾಗಿ ವಿಧಾನದ ಬಗ್ಗೆ. ದೂರು ಕೊಟ್ಟವರ ಹೆಸರು ಗುಟ್ಟಾಗಿರುತ್ತದೆ, ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದೆ, ತೀರ್ಪು ಮಾತ್ರ ಬಹಿರಂಗವಾಗುತ್ತದೆ. 2024ರ ಆಗಸ್ಟ್‌ನಲ್ಲಿ ಪೈಥಾನ್‌ನ ಅತ್ಯಂತ ಹಿರಿಯ ಡೆವಲಪರ್‌ಗಳಲ್ಲಿ ಒಬ್ಬರಾದ ಟಿಮ್ ಪೀಟರ್ಸ್ ಅವರನ್ನು ಮೂರು ತಿಂಗಳ ಮಟ್ಟಿಗೆ ಅಮಾನತು ಮಾಡಿದಾಗ ಎದ್ದದ್ದು ಇದೇ ಆಕ್ಷೇಪ. ಕೊಟ್ಟ ಕಾರಣಗಳು ಇಷ್ಟು ದೊಡ್ಡ ಕ್ರಮಕ್ಕೆ ಸಾಲವು ಎಂದು ಹಲವರು ಬಹಿರಂಗವಾಗಿಯೇ ಬರೆದರು.

ಎರಡೂ ವಾದಗಳಲ್ಲಿ ಹುರುಳಿದೆಯಾದರೂ, ಸಂಹಿತೆಯಿಂದ ಅದು ಕೊಡಲಾರದ್ದನ್ನು ಎರಡೂ ಕಡೆಯವರು ನಿರೀಕ್ಷಿಸುತ್ತಿದ್ದಾರೆ ಎನಿಸುತ್ತದೆ. ಬೈಗುಳ, ಬೆದರಿಕೆ, ಕಿರುಕುಳಗಳಿಗೆ ಅದು ಮದ್ದು. ವಿನಯದಿಂದಲೇ ಆರು ತಿಂಗಳು ಉತ್ತರ ಕೊಡದೆ ಕೂರುವ ಮೇಂಟೇನರ್‌ಗಾಗಲಿ, ಒಂದೇ ಒರಟು ಪದವಿಲ್ಲದೆ ಇಪ್ಪತ್ತು ಇಮೇಲ್ ಬರೆದು ಎದುರಿನವರನ್ನು ಸುಸ್ತು ಮಾಡುವ ಡೆವಲಪರ್‌ಗಾಗಲಿ ಅದರಲ್ಲಿ ಸುಲಭದ ಉತ್ತರವಿಲ್ಲ.

ನಮ್ಮ ಕಡೆಯ ಹೊಸಬರಿಗೆ ಎದುರಾಗುವುದು

ಮೇಲಿನವೆಲ್ಲ ದೊಡ್ಡವರ ಜಗಳಗಳು. ತುಮಕೂರಿನ ಹಾಸ್ಟೆಲ್‌ನಲ್ಲಿ ಕುಳಿತು ಮೊದಲ ಪುಲ್ ರಿಕ್ವೆಸ್ಟ್ ಕಳಿಸುವ ವಿದ್ಯಾರ್ಥಿಗೆ ಎದುರಾಗುವ ಘರ್ಷಣೆ ಇಷ್ಟು ನಾಟಕೀಯವಾಗಿರುವುದಿಲ್ಲ. ಅದು ಎರಡು ವಿಧದ್ದು.

ಮೊದಲನೆಯದು ಗುಂಪಿನ ಹೆಸರು ಕೆಡುವುದರಿಂದ ಬರುವಂಥದ್ದು. 2020ರ ಅಕ್ಟೋಬರ್‌ನಲ್ಲಿ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಅಭಿಯಾನ ನಾಲ್ಕು ಪುಲ್ ರಿಕ್ವೆಸ್ಟ್ ಕಳಿಸಿದವರಿಗೆ ಟೀ ಶರ್ಟ್ ಕೊಡುವುದಾಗಿ ಹೇಳಿತ್ತು. ಭಾರತದ ವಿಡಿಯೊ ಪಾಠವೊಂದು ಯೋಜನೆಯ ಪರಿಚಯ ಹೇಳುವ ರೀಡ್‌ಮಿ ಕಡತದಲ್ಲಿ ಒಂದೆರಡು ಪದ ಸೇರಿಸಿ ಪುಲ್ ರಿಕ್ವೆಸ್ಟ್ ಕಳಿಸುವುದು ಹೇಗೆಂದು ತೋರಿಸಿತ್ತು. ಪರಿಣಾಮವಾಗಿ ಜಗತ್ತಿನ ಮೂಲೆ ಮೂಲೆಯ ಮೇಂಟೇನರ್‌ಗಳು ಅರ್ಥವಿಲ್ಲದ ಬದಲಾವಣೆಗಳನ್ನು ಮುಚ್ಚುತ್ತ ದಿನಗಳನ್ನು ಕಳೆಯಬೇಕಾಯಿತು. ಅಭಿಯಾನ ಶುರುವಾದ ಕೆಲವೇ ದಿನಗಳಲ್ಲಿ, ಒಪ್ಪಿಗೆ ಸೂಚಿಸಿದ ಯೋಜನೆಗಳಿಗೆ ಮಾತ್ರ ಅದು ಅನ್ವಯ ಎಂದು ಸಂಘಟಕರು ನಿಯಮ ಬದಲಿಸಿದರು. 2024ರಲ್ಲಿ ಎಕ್ಸ್‌ಪ್ರೆಸ್ ಎಂಬ ಜಾವಾಸ್ಕ್ರಿಪ್ಟ್ ಯೋಜನೆಗೂ ಇದೇ ಗತಿ: ಪಾಠದಲ್ಲಿ ಉದಾಹರಣೆಯಾಗಿ ಅದರ ಹೆಸರು ಬಂದದ್ದರಿಂದ ರೀಡ್‌ಮಿಗೆ ತಮ್ಮ ಹೆಸರು ಸೇರಿಸುವ ವಿದ್ಯಾರ್ಥಿಗಳ ಪುಲ್ ರಿಕ್ವೆಸ್ಟ್‌ಗಳು ರಾಶಿ ಬಿದ್ದವು. ಕಳಿಸಿದವರಲ್ಲಿ ಬಹುಪಾಲಿಗೆ ಕೆಟ್ಟ ಉದ್ದೇಶವೇನೂ ಇರಲಿಲ್ಲ, ಹೇಳಿಕೊಟ್ಟದ್ದನ್ನು ಮಾಡಿದ್ದರು. ಆದರೆ ಮರುದಿನ ನಿಜವಾದ ದೋಷ ಪರಿಹಾರ ಹಿಡಿದು ಬರುವ ಶಿಡ್ಲಘಟ್ಟದ ಹುಡುಗಿಯ ಪುಲ್ ರಿಕ್ವೆಸ್ಟನ್ನೂ ಮೇಂಟೇನರ್ ಅದೇ ಅನುಮಾನದಿಂದ ತೆರೆಯುತ್ತಾನೆ. ಅವಳಿಗೆ ಸಿಗುವ ಒಣ ಉತ್ತರದ ಹಿಂದೆ ಅವಳಿಗೆ ಗೊತ್ತೇ ಇಲ್ಲದ ಈ ಚರಿತ್ರೆ ಇರುತ್ತದೆ.

ಎರಡನೆಯದು ಮಾತಿನ ರೀತಿಯಿಂದ ಹುಟ್ಟುವುದು. ನಮ್ಮ ತರಗತಿಗಳಲ್ಲಿ ಮೇಷ್ಟ್ರ ಮಾತಿಗೆ ಎದುರು ಮಾತಾಡುವ ರೂಢಿ ಕಡಿಮೆ. ಕೇಳುವುದಾದರೆ ‘ಸರ್’ ಎಂದು ಶುರುಮಾಡಿ ಅನುಮತಿ ಕೇಳುವುದು ವಾಡಿಕೆ. ಅದೇ ರೂಢಿ, ದೋಷ ಮತ್ತು ಬಾಕಿ ಕೆಲಸಗಳನ್ನು ದಾಖಲಿಸುವ ಇಶ್ಯೂಗಳ ಕೆಳಗೆ ‘ಸರ್, ದಯವಿಟ್ಟು ಇದನ್ನು ನನಗೆ ಅಸೈನ್ ಮಾಡಿ’ ಎಂಬ ಕೋರಿಕೆಯಾಗಿ ಕಾಣಿಸಿಕೊಳ್ಳುತ್ತದೆ. ಅಸೈನ್ ಮಾಡುವ ಪದ್ಧತಿಯೇ ಇಲ್ಲದ ಯೋಜನೆಗಳು ಬಹಳ. ಅಲ್ಲಿ ಈ ಕೋರಿಕೆಗೆ ಉತ್ತರವೇ ಬರುವುದಿಲ್ಲ, ಮತ್ತು ಕೇಳಿದವರು ಅದನ್ನು ತಿರಸ್ಕಾರವೆಂದು ತಿಳಿಯುತ್ತಾರೆ. ಜರ್ಮನಿಯಿಂದಲೋ ಅಮೆರಿಕದಿಂದಲೋ ಬರುವ ಆರು ಪದದ ವಿಮರ್ಶೆ ಇಲ್ಲಿ ಗದರಿಕೆಯಂತೆ ಕೇಳಿಸುತ್ತದೆ. ಆಮೇಲೆ ಕೆಲವರು ಪುಲ್ ರಿಕ್ವೆಸ್ಟನ್ನು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಪ್ರತಿದಿನ ‘ಎನಿ ಅಪ್‌ಡೇಟ್ ಸರ್?’ ಎಂದು ಬರೆಯುತ್ತ ಹೋಗುತ್ತಾರೆ. ಪ್ಯಾಚ್ ಕಳಿಸಿದ ಮೇಲೆ ಕನಿಷ್ಠ ಒಂದು ವಾರವಾದರೂ ಕಾಯದೆ ನೆನಪಿಸಬಾರದು ಎಂದು ಕರ್ನೆಲ್‌ನ ದಾಖಲೆಯೇ ಹೇಳುತ್ತದೆ.

ಒಂದು ಟಿಪ್ಪಣಿ, ಮೂರು ಉತ್ತರ

ಒಂದು ಸಾಧಾರಣ ಸಂದರ್ಭ ತೆಗೆದುಕೊಳ್ಳೋಣ. ದಿನಾಂಕವನ್ನು ಓದುವ ಹೊಸ ಫಂಕ್ಷನ್ ಒಂದನ್ನು ಸೇರಿಸಿ ಪುಲ್ ರಿಕ್ವೆಸ್ಟ್ ಕಳಿಸಲಾಗಿದೆ. ಮೇಂಟೇನರ್‌ನ ಟಿಪ್ಪಣಿ ಒಂದೇ ಸಾಲು: ‘ಇದಕ್ಕೆ ಈಗಾಗಲೇ ಫಂಕ್ಷನ್ ಇದೆ. ಇನ್ನೊಂದು ಯಾಕೆ?’

‘ಕ್ಷಮಿಸಿ ಸರ್, ತೆಗೆದುಹಾಕುತ್ತೇನೆ’ ಎಂಬುದು ಒಂದು ಉತ್ತರ. ಹಳೆಯ ಫಂಕ್ಷನ್‌ನಲ್ಲಿ ನಿಜಕ್ಕೂ ದೋಷವಿದ್ದರೆ ಆ ದೋಷ ಹಾಗೆಯೇ ಉಳಿಯುತ್ತದೆ. ಜಗಳವೇನೋ ಆಗಲಿಲ್ಲ, ಕೆಲಸವೂ ಆಗಲಿಲ್ಲ. ‘ನೀವು ಕೋಡ್ ಪೂರ್ತಿ ಓದಿಲ್ಲ ಎನಿಸುತ್ತದೆ’ ಎಂಬುದು ಇನ್ನೊಂದು. ಇದು ನಿಜವೇ ಆಗಿರಬಹುದು, ಆದರೆ ಚರ್ಚೆ ಇಲ್ಲಿಂದ ಫಂಕ್ಷನ್ ಬಿಟ್ಟು ಓದಿದವರ, ಓದದವರ ಮೇಲೆ ತಿರುಗುತ್ತದೆ. ಮೂರನೆಯದು ಹೀಗಿರಬಹುದು: ‘ಹಳೆಯ ಫಂಕ್ಷನ್ ನೋಡಿದ್ದೇನೆ. 29/02/2024 ಕೊಟ್ಟರೆ ಅದು ದೋಷ ತೋರಿಸುತ್ತದೆ, ಪರೀಕ್ಷೆಯನ್ನು ಲಗತ್ತಿಸಿದ್ದೇನೆ. ಅದನ್ನೇ ತಿದ್ದುವುದು ನಿಮಗೆ ಸೂಕ್ತ ಎನಿಸಿದರೆ ಈ ಫಂಕ್ಷನ್ ಕೈಬಿಟ್ಟು ಹಾಗೆ ಮಾಡುತ್ತೇನೆ. ಯಾವುದು ಆಗಬಹುದು?’

ಮೂರನೆಯ ಉತ್ತರದ ಗುಣ ಅದರ ವಿನಯದಲ್ಲಿಲ್ಲ. ಮೊದಲನೆಯದು ಇದಕ್ಕಿಂತ ವಿನಯದ್ದು. ಇದು ಯಾರು ಬೇಕಾದರೂ ಪರೀಕ್ಷಿಸಬಹುದಾದ ಒಂದು ಸಂಗತಿಯನ್ನು ಮುಂದಿಡುತ್ತದೆ, ತೀರ್ಮಾನ ಮೇಂಟೇನರ್‌ನದೆಂದು ಒಪ್ಪುತ್ತದೆ, ಮತ್ತು ಆ ತೀರ್ಮಾನವನ್ನು ಎರಡರಲ್ಲಿ ಒಂದನ್ನು ಆರಿಸುವಷ್ಟು ಸಣ್ಣದು ಮಾಡುತ್ತದೆ. ಇದಾದ ಮೇಲೂ ಕಾರಣ ಹೇಳದೆ ಬೇಡವೆಂದರೆ, ಯೋಜನೆಯ ಕಾಂಟ್ರಿಬ್ಯೂಟಿಂಗ್ ಕಡತ, ಮೇಂಟೇನರ್‌ಗಳ ಪಟ್ಟಿ, ನಿರ್ಣಯ ಪದ್ಧತಿಯ ದಾಖಲೆಗಳನ್ನು ನೋಡಿ ಇನ್ನೊಬ್ಬ ಮೇಂಟೇನರ್‌ನ ಅಭಿಪ್ರಾಯ ಕೇಳುವುದು ನ್ಯಾಯವಾದ ದಾರಿ, ಅದೂ ಬಹಿರಂಗವಾಗಿ, ಅದೇ ಚರ್ಚೆಯಲ್ಲಿ. ಬೈಗುಳವೋ ಕಿರುಕುಳವೋ ಆದರೆ ಮಾತ್ರ ಖಾಸಗಿಯಾಗಿ, ನೀತಿ ಸಂಹಿತೆಯಲ್ಲಿ ಕೊಟ್ಟ ವಿಳಾಸಕ್ಕೆ, ಕೊಂಡಿಗಳ ಸಮೇತ ಬರೆಯಬೇಕು. ಈ ಎರಡು ದಾರಿಗಳನ್ನು ಅದಲುಬದಲು ಮಾಡಿಕೊಂಡರೆ ಎರಡೂ ಕೆಡುತ್ತವೆ: ತಾಂತ್ರಿಕ ಭಿನ್ನಾಭಿಪ್ರಾಯ ದೂರಿನ ರೂಪ ತಾಳುತ್ತದೆ, ಕಿರುಕುಳ ಸಾರ್ವಜನಿಕ ಚರ್ಚೆಯ ವಸ್ತುವಾಗುತ್ತದೆ.

ಒತ್ತಡವೇ ಆಯುಧವಾದಾಗ

ಮೇಂಟೇನರ್ ಸುಮ್ಮನಿದ್ದರೆ ಒತ್ತಡ ಹಾಕಿದರಾಯಿತು ಎನ್ನುವವರು ಎಕ್ಸ್‌ಝಡ್ ಪ್ರಕರಣವನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಕಡತಗಳನ್ನು ಕುಗ್ಗಿಸುವ ಈ ಸಣ್ಣ ತಂತ್ರಾಂಶ ಬಹುತೇಕ ಎಲ್ಲ ಲಿನಕ್ಸ್ ಯಂತ್ರಗಳಲ್ಲಿದೆ. ಅದನ್ನು ಬಹುಪಾಲು ಒಬ್ಬರೇ, ಲಾಸ್ಸೆ ಕಾಲಿನ್, ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದರು. 2022ರಲ್ಲಿ ಕೆಲವು ಅಪರಿಚಿತ ಹೆಸರುಗಳಿಂದ ಅವರಿಗೆ ದೂರಿನ ಇಮೇಲ್‌ಗಳು ಬರತೊಡಗಿದವು: ಕೆಲಸ ನಿಧಾನ, ಆಸಕ್ತಿ ಇಲ್ಲದಿದ್ದರೆ ಬೇರೆಯವರಿಗೆ ಬಿಟ್ಟುಕೊಡಿ. ತಮಗೆ ದೀರ್ಘಕಾಲದ ಮಾನಸಿಕ ಆರೋಗ್ಯದ ಸಮಸ್ಯೆಗಳಿವೆ, ಇದು ಸಂಬಳವಿಲ್ಲದ ಹವ್ಯಾಸದ ಕೆಲಸ ಎಂದು ಕಾಲಿನ್ ಉತ್ತರಿಸಿದರು. ಅದೇ ಹೊತ್ತಿನಲ್ಲಿ ಜಿಯಾ ಟಾನ್ ಎಂಬ ಹೆಸರಿನ ಒಬ್ಬ ಡೆವಲಪರ್ ತಾಳ್ಮೆಯಿಂದ, ಸೌಜನ್ಯದಿಂದ ಪ್ಯಾಚ್‌ಗಳನ್ನು ಕಳಿಸುತ್ತಿದ್ದರು. ಸಹ ಮೇಂಟೇನರ್ ಸ್ಥಾನ ಅವರಿಗೇ ಸಿಕ್ಕಿತು.

2024ರ ಫೆಬ್ರವರಿ, ಮಾರ್ಚ್‌ನಲ್ಲಿ ಬಂದ 5.6.0 ಮತ್ತು 5.6.1ನೆಯ ಆವೃತ್ತಿಗಳಲ್ಲಿ ಆ ಹೆಸರಿನ ವ್ಯಕ್ತಿ ಕಳ್ಳಬಾಗಿಲನ್ನು ಅಡಗಿಸಿಟ್ಟಿದ್ದ. ದೂರದ ಯಂತ್ರಕ್ಕೆ ಪ್ರವೇಶಿಸುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದೆ ಎಂಬುದನ್ನು ಗಮನಿಸಿ ಬೆನ್ನುಹತ್ತಿದ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಮಾರ್ಚ್ 29ರಂದು ಅದನ್ನು ಬಯಲು ಮಾಡಿದರು. ದೂರು ಬರೆದ ಹೆಸರುಗಳ ಹಿಂದೆ ನಿಜವಾದ ವ್ಯಕ್ತಿಗಳ ಸುಳಿವೇ ಇರಲಿಲ್ಲ. ಇದಾದ ಮೇಲೆ ಮೇಂಟೇನರ್‌ಗಳ ನಡವಳಿಕೆಯಲ್ಲಿ ಒಂದು ಬದಲಾವಣೆ ಬಂದಿರುವುದು ಅರ್ಥವಾಗುವಂಥದ್ದೇ. ಅವಸರಪಡಿಸುವವರನ್ನಷ್ಟೇ ಅಲ್ಲ, ಅತಿಯಾಗಿ ನೆರವಾಗಲು ಮುಂದೆ ಬರುವ ಅಪರಿಚಿತರನ್ನೂ ಈಗ ಸಂಶಯದಿಂದ ನೋಡಲಾಗುತ್ತದೆ. ಪ್ರಾಮಾಣಿಕ ಹೊಸಬರು ತೆರುತ್ತಿರುವ ಬೆಲೆ ಇದು.

ಕೂಡಿ ಬಾಳಲಾಗದಿದ್ದರೆ

ಎಲ್ಲ ಜಗಳಗಳೂ ರಾಜಿಯಲ್ಲಿ ಮುಗಿಯಬೇಕೆಂದಿಲ್ಲ, ಮತ್ತು ಬೇರೆಯಾಗುವ ಹಕ್ಕನ್ನು ಓಪನ್ ಸೋರ್ಸ್ ಪರವಾನಗಿಯೇ ಕೊಟ್ಟಿದೆ. 2014ರ ಫೆಬ್ರವರಿಯಲ್ಲಿ ಲಿನಕ್ಸ್‌ನ ವಿತರಣೆಗಳಲ್ಲಿ ಒಂದಾದ ಡೆಬಿಯನ್‌ನ ತಾಂತ್ರಿಕ ಸಮಿತಿ, ಯಂತ್ರ ಶುರುವಾಗುವಾಗ ಸೇವೆಗಳನ್ನು ಚಾಲೂ ಮಾಡುವ ಸಿಸ್ಟಮ್‌ಡಿಯನ್ನು ಅಳವಡಿಸಿಕೊಳ್ಳಬೇಕೇ ಎಂಬ ಪ್ರಶ್ನೆಯಲ್ಲಿ ಸಮನಾಗಿ ಒಡೆದು, ಅಧ್ಯಕ್ಷರ ನಿರ್ಣಾಯಕ ಮತದಿಂದ ಅಳವಡಿಸಿಕೊಳ್ಳುವ ತೀರ್ಮಾನಕ್ಕೆ ಬಂತು. ವರ್ಷದ ಕೊನೆಯ ಹೊತ್ತಿಗೆ ಸಮಿತಿಯ ಹಲವು ಸದಸ್ಯರು ರಾಜೀನಾಮೆ ಕೊಟ್ಟಿದ್ದರು, ಡೆವುವಾನ್ ಎಂಬ ಫೋರ್ಕ್ (ಅದೇ ಕೋಡ್‌ನಿಂದ ಬೇರೆಯಾಗಿ ಶುರುವಾದ ಯೋಜನೆ) ಹುಟ್ಟಿತ್ತು. ಆದರೆ 1998ರಿಂದ ಲಿಖಿತ ಸಂವಿಧಾನವಿದ್ದ ಡೆಬಿಯನ್ ಕುಸಿಯಲಿಲ್ಲ. ನವೆಂಬರ್‌ನ ಸಾಮಾನ್ಯ ಮತದಾನದಲ್ಲಿ ಸದಸ್ಯರು ಆರಿಸಿದ್ದು ಈ ವಿಷಯಕ್ಕೆ ಸಾಮಾನ್ಯ ನಿರ್ಣಯದ ಅಗತ್ಯವೇ ಇಲ್ಲ ಎಂಬ ಆಯ್ಕೆಯನ್ನು! ಅದೇ ವರ್ಷದ ಡಿಸೆಂಬರ್‌ನಲ್ಲಿ ಜಾವಾಸ್ಕ್ರಿಪ್ಟ್ ನಡೆಸುವ ನೋಡ್ ತಂತ್ರಾಂಶದಿಂದ ಒಡೆದು ಹೋದ ಐಒ.ಜೆಎಸ್‌ನ ಕಥೆ ಬೇರೆ. ಒಂದೇ ಕಂಪನಿಯ ಹಿಡಿತ ತಪ್ಪಿ ಪ್ರತಿಷ್ಠಾನ ರಚನೆಯಾದ ಮೇಲೆ, 2015ರ ಸೆಪ್ಟೆಂಬರ್‌ನ ನೋಡ್ 4.0 ಆವೃತ್ತಿಯಲ್ಲಿ ಎರಡೂ ಮತ್ತೆ ಒಂದಾದವು.

ಫೋರ್ಕ್ ಮಾಡುವುದು ಒಂದು ಕ್ಲಿಕ್ಕಿನ ಕೆಲಸ. ಅದನ್ನು ನಡೆಸುವುದು ವರ್ಷಗಳ ಕೆಲಸ. ಭದ್ರತಾ ತಿದ್ದುಪಡಿಗಳು, ಬಿಡುಗಡೆಗಳು, ಬಳಕೆದಾರರ ದೂರುಗಳು ಎಲ್ಲವೂ ಅಂದಿನಿಂದ ಒಡೆದು ಹೋದವರ ಹೆಗಲಿಗೆ.

ಮುಂದೆ ಆಗಬಹುದಾದದ್ದು

ಎಐ ಉಪಕರಣಗಳು ಬಂದ ಮೇಲೆ ಪ್ಯಾಚ್ ಬರೆಯುವ ಶ್ರಮ ತೀರಾ ಇಳಿದಿದೆ, ಅದನ್ನು ಓದಿ ತೀರ್ಮಾನಿಸುವ ಶ್ರಮ ಇಳಿದಿಲ್ಲ. ಈ ಅಸಮತೋಲನದಿಂದ ಘರ್ಷಣೆ ಹೆಚ್ಚುವುದು ಖಚಿತ. ಅಂತರ್ಜಾಲದಲ್ಲಿ ಮಾಹಿತಿ ಸಾಗಿಸುವ ತಂತ್ರಾಂಶವಾದ ಕರ್ಲ್ ಯೋಜನೆಯ ಡೇನಿಯಲ್ ಸ್ಟೆನ್‌ಬರ್ಗ್ ಎಐ ಬರೆದ ಪೊಳ್ಳು ಭದ್ರತಾ ವರದಿಗಳ ಹಾವಳಿಗೆ ಬೇಸತ್ತು 2026ರ ಜನವರಿ ಕೊನೆಗೆ, ದೋಷ ಹುಡುಕಿಕೊಟ್ಟವರಿಗೆ ಹಣ ಕೊಡುವ ಪದ್ಧತಿಯನ್ನೇ ನಿಲ್ಲಿಸಿದರು. ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ, ಹಿಂದೆ ಕೊಡುಗೆ ನೀಡಿದವರಿಗೆ ಮಾತ್ರ ಬರೆಯಲು ಬಿಡುವ ತಾತ್ಕಾಲಿಕ ನಿರ್ಬಂಧದ ಸೌಲಭ್ಯ ಹಲವು ವರ್ಷಗಳಿಂದ ಇದೆ. ಅದರ ಬಳಕೆ ಹೆಚ್ಚಿದಷ್ಟೂ ಪರಿಚಯವಿಲ್ಲದವರಿಗೆ ಬಾಗಿಲು ಕಿರಿದಾಗುತ್ತದೆ. ಬೆಂಗಳೂರಿನ ದೊಡ್ಡ ಕಂಪನಿಯಲ್ಲಿರುವವರಿಗೆ ಸಹೋದ್ಯೋಗಿಗಳ ಮೂಲಕ ಪರಿಚಯ ಸಿಗುತ್ತದೆ. ಚಿಂತಾಮಣಿಯಿಂದಲೋ ತಿಪಟೂರಿನಿಂದಲೋ ಒಂಟಿಯಾಗಿ ಬರುವವರಿಗೆ ಅವರ ಹಿಂದಿನ ಚರ್ಚೆಗಳ ದಾಖಲೆಯೇ ಪರಿಚಯಪತ್ರ. ಅದು ಸಾರ್ವಜನಿಕ, ಹುಡುಕಿದರೆ ಸಿಗುತ್ತದೆ, ಮತ್ತು ಒಂದು ಸಂಸ್ಥೆ ಬ್ಲಾಕ್ ಮಾಡಿದರೆ ಆ ಸಂಸ್ಥೆಯ ಎಲ್ಲ ರಿಪಾಸಿಟರಿಗಳೂ ಒಮ್ಮೆಗೇ ಮುಚ್ಚುತ್ತವೆ.

ಕಾಲೇಜುಗಳ ಪಾಲು ಇಲ್ಲಿ ಸಣ್ಣದಲ್ಲ. ಎಷ್ಟು ಪುಲ್ ರಿಕ್ವೆಸ್ಟ್ ಕಳಿಸಿದಿರಿ ಎಂದು ಎಣಿಸಿ ಅಂಕ ಕೊಡುವ ಕಡೆ ಎಣಿಕೆಗೆ ತಕ್ಕ ಪುಲ್ ರಿಕ್ವೆಸ್ಟ್‌ಗಳೇ ಹುಟ್ಟುತ್ತವೆ. ವಿಮರ್ಶೆಗೆ ವಿದ್ಯಾರ್ಥಿ ಹೇಗೆ ಉತ್ತರಿಸಿದ, ತಿರಸ್ಕೃತವಾದ ಪ್ಯಾಚ್‌ಗೆ ಕಾರಣವೇನೆಂದು ಅರ್ಥಮಾಡಿಕೊಂಡನೇ ಎಂಬುದನ್ನು ಪ್ರಾಜೆಕ್ಟ್ ವೈವಾದಲ್ಲಿ ಕೇಳಲು ಹೊಸ ಸಿಲಬಸ್ ಬೇಕಿಲ್ಲ. ಗೂಗಲ್ ಸಮ್ಮರ್ ಆಫ್ ಕೋಡ್‌ನಂಥ ಕಾರ್ಯಕ್ರಮಗಳಲ್ಲಿ ಅಭ್ಯರ್ಥಿಗಳನ್ನು ಆರಿಸುವ ಮೆಂಟರ್‌ಗಳು ಪ್ರಸ್ತಾವದ ಜೊತೆಗೆ ಅಭ್ಯರ್ಥಿಯ ಹಿಂದಿನ ಪುಲ್ ರಿಕ್ವೆಸ್ಟ್‌ಗಳನ್ನೂ ತೆರೆದು, ಅವುಗಳ ಕೆಳಗಿನ ಮಾತುಕತೆಯನ್ನು ಓದುತ್ತಾರೆ.